ಕಂಪನಿಯಲ್ಲಿ ಮಿಕ್ಕ ದುಡ್ಡಿಗೆ ಇಂಗ್ಲಿಷ್, ಪೋರ್ಚುಗೀಸ್‌ನಲ್ಲಿ ಏನನ್ನಬೇಕು? ಗೇರುಬೀಜ ವ್ಯಾಪಾರದವರು, ಲೆಕ್ಕಪತ್ರದವರು ದಯವಿಟ್ಟು ಹೇಳಿ

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾನು ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಕರಾವಳಿಯ ಬೀಜವೊಂದನ್ನೇ ನಂಬಿದರೆ ವರ್ಷಪೂರ್ತಿ ಕೆಲಸ ನಡೆಯುವುದಿಲ್ಲ. ಕಚ್ಚಾ ಬೀಜ ಆಫ್ರಿಕಾದಿಂದ ಬರಬೇಕು. ಅಲ್ಲಿ ಮೊಜಾಂಬಿಕ್, ಗಿನಿ-ಬಿಸಾವು ಎರಡರಲ್ಲೂ ಕಾಗದಪತ್ರ ಪೋರ್ಚುಗೀಸ್‌ನಲ್ಲೇ. ಈಗ ಮೊಜಾಂಬಿಕ್‌ನ ಒಬ್ಬ ಪೂರೈಕೆದಾರರ ಜೊತೆ ಮಾತು ನಡೆದಿದೆ. ಅವರ ಪಾಲುದಾರ ಕಂಪನಿ ಪೋರ್ಚುಗಲ್‌ನದ್ದು. ಬ್ರೆಜಿಲ್‌ನ ಒಂದು ಕಂಪನಿಯೂ ವಿಚಾರಿಸುತ್ತಿದೆ.

ತೊಂದರೆ ಇದು. ನಮ್ಮ ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಹೊರಗಿನವರಿಂದ ಪೋರ್ಚುಗೀಸ್‌ಗೆ ಅನುವಾದ ಮಾಡಿಸಿ ಕಳಿಸಲಾಗಿತ್ತು. ಅದರಲ್ಲಿ 'ರಿಸರ್ವ್ಸ್ ಆಂಡ್ ಸರ್‌ಪ್ಲಸ್' ಅನ್ನುವ ಸಾಲನ್ನು 'ಎಸೆದೆಂತೆ ದೆ ಕಾಯ್ಶಾ', ಅಂದರೆ ಮಿಕ್ಕ ನಗದು, ಎಂದು ಬರೆದಿದ್ದಾರೆ. ಈಗ ಅವರು ಕೇಳುತ್ತಿದ್ದಾರೆ: ನಿಮ್ಮ ಹತ್ತಿರ ಇಷ್ಟು ದುಡ್ಡು ಸುಮ್ನೆ ಕೂತಿದೆ, ಮತ್ತೆ 90 ದಿನದ ಉದ್ದರಿ ಯಾಕೆ ಬೇಕು, ಮುಂಗಡವೇ ಕೊಡಿ ಅಂತ. ಕೇಳುವುದು ನ್ಯಾಯವೇ. ಆದರೆ ಬ್ಯಾಂಕಿನಲ್ಲಿ ಅಷ್ಟು ದುಡ್ಡಿಲ್ಲ!

ಸರಿಯಾದ ಪದಗಳು ಯಾವುವು? ಪೋರ್ಚುಗಲ್‌ಗೂ ಬ್ರೆಜಿಲ್‌ಗೂ ಒಂದೇ ಪದ ನಡೆಯುತ್ತದಾ?

ಜಮಾಖರ್ಚು, ಶಿರಸಿ

ತಂಗೀ, ಪದ ಹುಡುಕುವ ಮೊದಲು ಆ ಮೊತ್ತ ಅಢಾವೆ ಪತ್ರಿಕೆಯ ಯಾವ ಬದಿಯಲ್ಲಿದೆ ನೋಡು. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

2013ರ ಕಂಪನಿ ಕಾಯ್ದೆಯ 3ನೇ ಷೆಡ್ಯೂಲ್‌ನಲ್ಲಿ 'ರಿಸರ್ವ್ಸ್ ಆಂಡ್ ಸರ್‌ಪ್ಲಸ್' ಬರುವುದು ಷೇರು ಬಂಡವಾಳದ ಕೆಳಗೆ. ಅಂದರೆ ಮಾಲೀಕರಿಗೆ ಸೇರಿದ ಬದಿಯಲ್ಲಿ. ಅಲ್ಲಿ ಸರ್‌ಪ್ಲಸ್ ಅಂದರೆ ಲಾಭ-ನಷ್ಟ ಖಾತೆಯಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುತ್ತ ಬಂದ ಲಾಭ. ಆ ಲಾಭ ಈಗ ಯಾವ ರೂಪದಲ್ಲಿದೆ ಎಂದು ಆ ಸಾಲು ಹೇಳುವುದೇ ಇಲ್ಲ. ಅದಕ್ಕೆ ಆಸ್ತಿ ಬದಿಗೆ ಹೋಗಬೇಕು.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಸರ್‌ಪ್ಲಸ್ 4 ಕೋಟಿ. ಆಸ್ತಿ ಬದಿಯಲ್ಲಿ ಯಂತ್ರ, ಕಟ್ಟಡ 1.5 ಕೋಟಿ. ಗೋದಾಮಿನ ಬೀಜ, ತಿರುಳು 1.6 ಕೋಟಿ. ಬರಬೇಕಾದ ಬಾಕಿ 55 ಲಕ್ಷ. ಬ್ಯಾಂಕಿನ ಶಿಲ್ಕು 35 ಲಕ್ಷ. ಬೇರೆ ಸಾಲುಗಳನ್ನು ಬಿಟ್ಟು ನೋಡಿದರೆ, 4 ಕೋಟಿ ಲಾಭ ಉಳಿದದ್ದೂ ನಿಜ, ಕೈಯಲ್ಲಿ ಇರುವುದು 35 ಲಕ್ಷವೇ ಅನ್ನುವುದೂ ನಿಜ. ಆ 35 ಲಕ್ಷದಲ್ಲೂ ಸಂಬಳ, ಜಿಎಸ್‌ಟಿ, ಬ್ಯಾಂಕಿನ ಕಂತು ಕಳೆಯಬೇಕು. ಕಳೆದ ಮೇಲೆ ಏನಾದರೂ ಉಳಿದರೆ ಅದು ನಿಜವಾದ ಮಿಕ್ಕ ರೋಖು.

ಹಾಗಾಗಿ ಮೂರು ಬೇರೆ ಬೇರೆ ಸಂಗತಿಗಳಿವೆ. ಉಳಿಸಿಕೊಂಡ ಲಾಭ, ಕೈಯಲ್ಲಿರುವ ರೋಖು, ರೋಖಿನಲ್ಲಿ ಹೆಚ್ಚುವರಿ ಭಾಗ. ಇಂಗ್ಲಿಷ್‌ನಲ್ಲಿ ಕ್ರಮವಾಗಿ ರಿಟೇನ್ಡ್ ಅರ್ನಿಂಗ್ಸ್, ಕ್ಯಾಶ್ ಬ್ಯಾಲೆನ್ಸ್, ಎಕ್ಸೆಸ್ ಕ್ಯಾಶ್ ಅಥವಾ ಸರ್‌ಪ್ಲಸ್ ಕ್ಯಾಶ್. ಬರೀ 'ಸರ್‌ಪ್ಲಸ್' ಅಂತ ಎಲ್ಲೂ ಒಂಟಿಯಾಗಿ ಬರೆಯಬೇಡ. ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ (ಭಾರತೀಯ ಲೆಕ್ಕಪತ್ರ ಮಾನದಂಡ) ಮಾದರಿಯಲ್ಲಿ ಇದೇ ಜಾಗಕ್ಕೆ 'ಅದರ್ ಈಕ್ವಿಟಿ' ಅನ್ನುತ್ತಾರೆ. ಅದು ಎಷ್ಟೋ ಮೇಲು, ಕನಿಷ್ಠ ರೋಖು ಅನ್ನುವ ಭಾವನೆ ಬರುವುದಿಲ್ಲ.

ಪೋರ್ಚುಗೀಸ್ ನನಗೆ ಬರುವುದಿಲ್ಲ. ಮಾಜಾಳಿಯವರು ಬರಲಿ.

ಮಾಜಾಳಿ ಗಡಿ

ಬಂದೆ ಸರ್. ನಾನು ಗೋವಾದಲ್ಲಿ ಪೋರ್ಚುಗೀಸ್ ಕಲಿತವನು, ವ್ಯಾಪಾರದ ಕಾಗದಗಳ ಅನುವಾದ ಮಾಡುತ್ತೇನೆ. ಕಾಳಿದಂಡೆ ಅಕ್ಕ, ಮೊದಲು ಪೋರ್ಚುಗಲ್‌ನದ್ದು ಹೇಳುತ್ತೇನೆ. ಮೊಜಾಂಬಿಕ್‌ನವರ ಪದಗಳೂ ಹೆಚ್ಚುಕಮ್ಮಿ ಇದಕ್ಕೇ ಹತ್ತಿರ.

ಪೋರ್ಚುಗಲ್‌ನಲ್ಲಿ 2010ರಿಂದ ಹೊಸ ಲೆಕ್ಕಪತ್ರ ಪದ್ಧತಿ ಇದೆ. ಅಲ್ಲಿ ಪ್ರತಿ ಖಾತೆಗೂ ಒಂದು ಸಂಖ್ಯೆ. 11 ಅಂದರೆ 'ಕಾಯ್ಶಾ', ಕೈಯಲ್ಲಿರುವ ನಗದು. 12 ಅಂದರೆ 'ದೆಪೋಜಿತೊಸ್ ಆ ಓರ್ದೆಂ', ಕೇಳಿದಾಗ ಕೊಡುವ ಬ್ಯಾಂಕ್ ಖಾತೆ, ನಮ್ಮ ಕರೆಂಟ್ ಅಕೌಂಟ್ ಇದ್ದ ಹಾಗೆ. 13 ಅಂದರೆ ಬೇರೆ ಬ್ಯಾಂಕ್ ಠೇವಣಿಗಳು. ಅವಧಿ ಠೇವಣಿಗೆ 'ದೆಪೋಜಿತೊ ಆ ಪ್ರಾಜೊ' ಅನ್ನುತ್ತಾರೆ. ಈ 1ನೇ ವರ್ಗಕ್ಕೆ 'ಮೇಯೊಸ್ ಫಿನಾನ್ಸೇಯ್ರೊಸ್ ಲೀಕಿದೊಸ್' ಎಂದು ಹೆಸರು. 2010ಕ್ಕಿಂತ ಹಿಂದಿನ ಕಾಗದಗಳಲ್ಲಿ 'ದಿಸ್ಪೊನಿಬಿಲಿದಾದೆಸ್' ಅಂತ ಸಿಗುತ್ತದೆ.

ನಿಮ್ಮ 'ಸರ್‌ಪ್ಲಸ್' ಹೋಗಬೇಕಾದದ್ದು 56ನೇ ಖಾತೆಗೆ. ಹೆಸರು 'ರೆಜುಲ್ತಾದೊಸ್ ತ್ರಾಂಜಿತಾದೊಸ್', ಹಿಂದಿನ ವರ್ಷಗಳಿಂದ ದಾಟಿ ಬಂದ ಫಲ ಎಂದರ್ಥ. ರಿಸರ್ವ್‌ಗೆ 55. ಪತ್ರದಲ್ಲಿ ಪದದ ಪಕ್ಕ ಈ ಸಂಖ್ಯೆ ಬರೆದರೆ ಪೋರ್ಚುಗಲ್‌ನ ಲೆಕ್ಕಿಗರಿಗೆ ಅನುಮಾನವೇ ಉಳಿಯುವುದಿಲ್ಲ.

ನಿಜವಾಗಿ ಬ್ಯಾಂಕಿನಲ್ಲಿ ಮಿಕ್ಕಿರುವುದಕ್ಕೆ 'ಎಸೆದೆಂತೆ ದೆ ತೆಜೊರಾರಿಯಾ' ಅನ್ನಿ. ತೆಜೊರಾರಿಯಾ ಅಂದರೆ ಕಂಪನಿಯ ಖಜಾನೆ ವಿಭಾಗ.

ಬ್ರೆಜಿಲ್‌ನದ್ದು ಬೇರೆಯೇ ಕಥೆ. ಅದನ್ನು ರಾತ್ರಿ ಬರೆಯುತ್ತೇನೆ.

ಬಿಕಾಂ ಹುಡುಗ, ಕುಮಟಾ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಈ 'ಕಾಯ್ಶಾ' ನಮ್ಮ 'ಕಾಸು' ಇಂದಲೇ ಹೋಗಿದ್ದಂತೆ, ಇಂಗ್ಲಿಷ್‌ನ ಕ್ಯಾಶ್ ಕೂಡ ಹಾಗೇ ಅಂತ ಕೇಳಿದ್ದೆ. ಹೌದಾ?

ಮಾಜಾಳಿ ಗಡಿ

ಅರ್ಧ ಹೌದು ತಮ್ಮಾ. ನಗದು ಅನ್ನುವ ಅರ್ಥದ ಕ್ಯಾಶ್ ಮತ್ತು ಕಾಯ್ಶಾ, ಎರಡರ ಮೂಲವೂ ಪೆಟ್ಟಿಗೆ ಅನ್ನುವ ಲ್ಯಾಟಿನ್ ಪದ. ಆದರೆ ಇಲ್ಲಿಯ ಸಣ್ಣ ನಾಣ್ಯಕ್ಕೆ ಪೋರ್ಚುಗೀಸರು ಕಾಯ್ಶಾ ಎಂದದ್ದು ಕಾಸಿನಿಂದ. ಅದೇ ದಾರಿಯಲ್ಲಿ ಮದ್ರಾಸಿನ ನಾಣ್ಯಕ್ಕೂ ಕ್ಯಾಶ್ ಎಂಬ ಹೆಸರು ಬಂತು. 80 ಕ್ಯಾಶ್‌ಗೆ ಒಂದು ಫಣಂ, 42 ಫಣಂಗೆ ಒಂದು ಪಗೋಡಾ. ನಮ್ಮ ಜಿಲ್ಲೆಯೂ 1862ರವರೆಗೆ ಮದ್ರಾಸ್ ಆಡಳಿತದಲ್ಲೇ ಇತ್ತಲ್ಲ.

ಬಂದರು ಭಟ್ಕಳ-ಹೊನ್ನಾವರ

ನನಗೆ ಪೋರ್ಚುಗೀಸ್ ಬೇಡ. ಜಮಾಖರ್ಚು ಸರ್ ಹೇಳಿದ ಮೂರನೆಯ ಸಂಗತಿ ಬಗ್ಗೆ ಕೇಳಬೇಕಿದೆ. ನಮ್ಮದು ಬೋಟಿನ ವ್ಯವಹಾರದ ಚಿಕ್ಕ ಪ್ರೈವೇಟ್ ಕಂಪನಿ, ಅಣ್ಣತಮ್ಮಂದಿರೇ ಷೇರುದಾರರು. ಮೇ ತಿಂಗಳ ಕೊನೆಗೆ ಬ್ಯಾಂಕಿನಲ್ಲಿ ಒಳ್ಳೆ ಮೊತ್ತ ಇರುತ್ತದೆ. ತಮ್ಮ ಹೇಳುತ್ತಾನೆ, ಇದು ಮಿಕ್ಕಿದ ದುಡ್ಡು, ಮನೆ ಕಟ್ಟಲು ತೆಗೆಯೋಣ ಅಂತ. ನನಗೆ ಧೈರ್ಯ ಬರುತ್ತಿಲ್ಲ.

ಜಮಾಖರ್ಚು, ಶಿರಸಿ

ನಿಮ್ಮ ಹೆದರಿಕೆ ಸರಿಯಾಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಇದು ಮನೆಮನೆಯ ವಿಷಯ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 61 ದಿನ ಹುಟ್ಟುವಳಿ ಇಲ್ಲ. ಖರ್ಚು ಮಾತ್ರ ನಿಲ್ಲುವುದಿಲ್ಲ. ಬಲೆ ರಿಪೇರಿ, ಎಂಜಿನ್ ಕೆಲಸ, ಬೋಟಿಗೆ ಬಣ್ಣ, ಆಗಸ್ಟ್‌ಗೆ ಬರುವ ಕೆಲಸಗಾರರಿಗೆ ಮುಂಗಡ, ಮೊದಲ ಟ್ರಿಪ್ಪಿನ ಡೀಸೆಲ್, ಐಸ್. ಜೊತೆಗೆ ಬ್ಯಾಂಕಿನ ಕಂತು. ಮೇ 31ರ ಶಿಲ್ಕಿನಲ್ಲಿ ಇವೆಲ್ಲ ಈಗಾಗಲೇ ಖರ್ಚಾದ ಹಾಗೇ ಲೆಕ್ಕ. ಅದನ್ನು ಕಳೆದು, ಆಗಸ್ಟ್‌ನಲ್ಲಿ ಮಳೆ ಜೋರಾಗಿ ಬೋಟು ಕೆಲವು ವಾರ ತಡವಾಗಿ ಇಳಿದರೂ ಸಾಲುವಷ್ಟು ಇಟ್ಟುಕೊಂಡು, ಮತ್ತೆ ಉಳಿದರೆ ಅದು ಮಿಕ್ಕ ದುಡ್ಡು. ಇಂಗ್ಲಿಷ್‌ನಲ್ಲಿ ಎಕ್ಸೆಸ್ ಕ್ಯಾಶ್ ಅನ್ನುವುದು ಈ ಕೊನೆಯ ಭಾಗಕ್ಕೆ ಮಾತ್ರ. ನೀವು ಹೇಳಿದ್ದು ಕ್ಯಾಶ್ ಬ್ಯಾಲೆನ್ಸ್.

ಇನ್ನೊಂದು ದೊಡ್ಡ ಎಚ್ಚರಿಕೆ. ಕಂಪನಿಯ ದುಡ್ಡು ಅಣ್ಣತಮ್ಮಂದಿರ ದುಡ್ಡಲ್ಲ. ಮತಾಧಿಕಾರದಲ್ಲಿ ಶೇ. 10 ಅಥವಾ ಹೆಚ್ಚು ಪಾಲಿರುವ ಷೇರುದಾರನಿಗೆ ಇಂಥ ಖಾಸಗಿ ಕಂಪನಿ ಸಾಲ ಕೊಟ್ಟರೆ, ಕಂಪನಿಯಲ್ಲಿ ಕೂಡಿಬಂದ ಲಾಭದ ಮಟ್ಟಿಗೆ ಅದನ್ನು ಆದಾಯ ತೆರಿಗೆಯವರು ಡಿವಿಡೆಂಡ್ ಎಂದೇ ಹಿಡಿಯುತ್ತಾರೆ. ಮನೆಗೆ ಅಂತ ಸಾಲ ತೆಗೆದರೆ ತೆರಿಗೆ ಕಟ್ಟುವ ಹಾಗೆ ಆಗುತ್ತದೆ. ತಮ್ಮ ಡೈರೆಕ್ಟರ್ ಕೂಡ ಆಗಿದ್ದರೆ ಡೈರೆಕ್ಟರ್‌ಗಳಿಗೆ ಸಾಲ ಕೊಡುವುದನ್ನು ನಿರ್ಬಂಧಿಸುವ ಕಂಪನಿ ಕಾಯ್ದೆಯ 185ನೇ ಸೆಕ್ಷನ್ ಬೇರೆ ಅಡ್ಡ ಬರುತ್ತದೆ. ಸಂಬಳವಾಗಿ ತೆಗೆಯಿರಿ, ಇಲ್ಲವೇ ಸರಿಯಾಗಿ ಡಿವಿಡೆಂಡ್ ಘೋಷಿಸಿ. ನಿಮ್ಮ ಸಿಎ ಹತ್ತಿರ ಕೂತು ಮಾತಾಡಿ.

ನಿಷೇಧದ ಎರಡು ತಿಂಗಳು ಆ ದುಡ್ಡು ಕರೆಂಟ್ ಅಕೌಂಟಿನಲ್ಲಿ ಬಡ್ಡಿಯಿಲ್ಲದೆ ಬಿದ್ದಿರಬೇಕು ಅಂತಿಲ್ಲ. ಮ್ಯಾನೇಜರ್ ಹತ್ತಿರ ಸ್ವೀಪ್ ಸೌಲಭ್ಯ ಕೇಳಿ. ಇಂತಿಷ್ಟರ ಮೇಲಿನದ್ದು ತಾನಾಗಿ ಠೇವಣಿಗೆ ಹೋಗುತ್ತದೆ, ಚೆಕ್ ಬಂದಾಗ ವಾಪಸ್ ಬರುತ್ತದೆ. ಲಿಕ್ವಿಡ್ ಫಂಡ್ ಎಂಬ ಮ್ಯೂಚುವಲ್ ಫಂಡ್ ಇದೆ, ಅದರ ದುಡ್ಡು 91 ದಿನದೊಳಗೆ ಮುಗಿಯುವ ಪತ್ರಗಳಲ್ಲಿ ಇರುತ್ತದೆ. ಮೊದಲ 6 ದಿನದೊಳಗೆ ತೆಗೆದರೆ ಸಣ್ಣ ಶುಲ್ಕ ಇದೆ. ಸರ್ಕಾರದ ಅಲ್ಪಾವಧಿ ಸಾಲಪತ್ರ, ಅಂದರೆ ಟ್ರೆಜರಿ ಬಿಲ್, 91, 182, 364 ದಿನಗಳಿಗೆ ಸಿಗುತ್ತದೆ. ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡುವವರು ಒಂದು ನೆನಪಿಡಿ. ಠೇವಣಿ ವಿಮೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ಕಂಪನಿಗೂ ಅಷ್ಟೇ.

ಬಂದರು ಭಟ್ಕಳ-ಹೊನ್ನಾವರ

ಉಪಕಾರ ಆಯ್ತು ಸರ್. ಇದನ್ನೇ ತಮ್ಮನಿಗೆ ತೋರಿಸುತ್ತೇನೆ.

ಕಾಳಿದಂಡೆ, ಕಾರವಾರ

ಸರ್, ಸ್ವೀಪ್ ಅಂದಿರಲ್ಲ. ನಮ್ಮ ಬ್ಯಾಂಕ್ ಸಾಲದ ಕರಾರಿನಲ್ಲೂ 'ಕ್ಯಾಶ್ ಸ್ವೀಪ್' ಅಂತ ಒಂದು ಷರತ್ತಿದೆ. ಅದೂ ಇದೂ ಒಂದೇನಾ?

ಜಮಾಖರ್ಚು, ಶಿರಸಿ

ಅಲ್ಲ ತಂಗೀ, ಪೂರ್ತಿ ಬೇರೆ. ಸಾಲದ ಕರಾರಿನಲ್ಲಿ ಕ್ಯಾಶ್ ಸ್ವೀಪ್ ಅಂದರೆ, ನಿಗದಿ ಖರ್ಚು, ಕಂತು ಎಲ್ಲ ಕಳೆದು ಮಿಕ್ಕಿದ ರೋಖಿನ ಒಂದು ಭಾಗವನ್ನು ಅವಧಿಗೆ ಮೊದಲೇ ಸಾಲಕ್ಕೆ ಕಟ್ಟಬೇಕು. ಅಲ್ಲಿ 'ಎಕ್ಸೆಸ್ ಕ್ಯಾಶ್ ಫ್ಲೋ' ಏನು ಅಂತ ಕರಾರೇ ವ್ಯಾಖ್ಯೆ ಕೊಟ್ಟಿರುತ್ತದೆ. ಆ ವ್ಯಾಖ್ಯೆಯನ್ನು ಅಕ್ಷರ ಅಕ್ಷರ ಓದು. ನಿಮ್ಮ ಕರಾರಿನಲ್ಲಿ ಅದಿದ್ದರೆ ಮೊಜಾಂಬಿಕ್‌ನವರಿಗೆ ಮುಂಗಡ ಒಪ್ಪುವ ಮೊದಲು ಬ್ಯಾಂಕಿಗೆ ಎಷ್ಟು ಹೋಗಬೇಕು ಅಂತ ನೋಡಬೇಕಾಗುತ್ತದೆ.

ಮಾಜಾಳಿ ಗಡಿ

ಈಗ ಬ್ರೆಜಿಲ್. ಕಾಳಿದಂಡೆ ಅಕ್ಕ, ಒಂದೇ ಅನುವಾದವನ್ನು ಎರಡೂ ಕಡೆಗೆ ಕಳಿಸಬೇಡಿ. ನಾನು ಯಾವತ್ತೂ ಎರಡು ಪ್ರತಿ ಮಾಡುತ್ತೇನೆ.

ದುಡಿಯುವ ಬಂಡವಾಳ, ಅಂದರೆ ವರ್ಕಿಂಗ್ ಕ್ಯಾಪಿಟಲ್, ಪೋರ್ಚುಗಲ್‌ನಲ್ಲಿ 'ಫುಂದೊ ದೆ ಮನೇಯೊ'. ಬ್ರೆಜಿಲ್‌ನಲ್ಲಿ 'ಕಾಪಿತಾಲ್ ದೆ ಜೀರೊ'. ತಿರುಗುವ ಬಂಡವಾಳ ಅಂತ. ಒಂದನ್ನು ಇನ್ನೊಂದು ಕಡೆ ಬರೆದರೆ ಅರ್ಥ ಆಗಬಹುದು, ಆದರೆ ಹೊರಗಿನವರು ಬರೆದದ್ದು ಅಂತ ತಕ್ಷಣ ಗೊತ್ತಾಗುತ್ತದೆ.

ಉಳಿದ ಲಾಭಕ್ಕೆ 'ಲುಕ್ರೊಸ್ ಅಕುಮುಲಾದೊಸ್' ಅನ್ನುವ ಪದ ಇದೆ. ಆದರೆ ಬ್ರೆಜಿಲ್‌ನ ಷೇರು ಕಂಪನಿಗಳ ಅಢಾವೆ ಪತ್ರಿಕೆಯಲ್ಲಿ ವರ್ಷದ ಕೊನೆಗೆ ಆ ಸಾಲಿನಲ್ಲಿ ಮೊತ್ತ ಕಾಣುವುದಿಲ್ಲ. 1976ರ ಕಾನೂನಿಗೆ ಆದ ತಿದ್ದುಪಡಿಗಳ ಪ್ರಕಾರ, ಮುಖ್ಯವಾಗಿ 2007ರದ್ದು, ಲಾಭವನ್ನು ಯಾವುದಾದರೂ ಮೀಸಲಿಗೆ ಹಾಕಬೇಕು ಇಲ್ಲವೇ ಹಂಚಬೇಕು. ಹಾಗಾಗಿ ಅವರ ಕಣ್ಣು 'ರೆಜೆರ್ವಾಸ್ ದೆ ಲುಕ್ರೊಸ್' (ಲಾಭದ ಮೀಸಲುಗಳು) ಅನ್ನುವ ಸಾಲನ್ನು ಹುಡುಕುತ್ತದೆ. ನಿಮ್ಮ ಸರ್‌ಪ್ಲಸ್‌ಗೆ ಲುಕ್ರೊಸ್ ಅಕುಮುಲಾದೊಸ್ ಎಂದೇ ಬರೆಯಿರಿ. ಕೆಳಗೆ ಒಂದು ಸಾಲು ಸೇರಿಸಿ: ಭಾರತದ ಕಾನೂನಿನಲ್ಲಿ ಇದನ್ನು ಹಾಗೇ ಇಟ್ಟುಕೊಳ್ಳಬಹುದು, ಇದು ರೋಖು ಅಲ್ಲ ಅಂತ.

'ರೆಜೆರ್ವಾ ಲೆಗಾಲ್', ಅಂದರೆ ಕಾನೂನು ಕಡ್ಡಾಯ ಮಾಡಿದ ಮೀಸಲು, ಎರಡೂ ದೇಶಗಳಲ್ಲಿದೆ, ನಿಯಮವೂ ಒಂದೇ ರೀತಿ. ವರ್ಷದ ಲಾಭದಲ್ಲಿ ಶೇ. 5ನ್ನು, ಬಂಡವಾಳದ ಶೇ. 20 ಆಗುವವರೆಗೆ ತೆಗೆದಿಡಬೇಕು. ನಮ್ಮ ಕಂಪನಿ ಕಾಯ್ದೆಯಲ್ಲಿ ಎಲ್ಲ ಕಂಪನಿಗಳಿಗೂ ಇಂಥ ಕಡ್ಡಾಯ ಇಲ್ಲ. ಹಾಗಾಗಿ ನಿಮ್ಮ ಜನರಲ್ ರಿಸರ್ವ್‌ಗೆ ಈ ಪದ ಹಾಕಬೇಡಿ.

ಬ್ರೆಜಿಲ್‌ನಲ್ಲಿ ಮಿಕ್ಕ ರೋಖಿಗೆ 'ಎಸೆದೆಂತೆ ದೆ ಕಾಯ್ಶಾ'. ಅಂದರೆ ನಿಮ್ಮ ಹಳೆಯ ಅನುವಾದದ ಪದ ಪದವಾಗಿ ಸರಿಯೇ, ಕೂತ ಸಾಲು ಮಾತ್ರ ತಪ್ಪು. 'ಸೋಬ್ರಾ ದೆ ಕಾಯ್ಶಾ' ಅಂತಲೂ ಅನ್ನುತ್ತಾರೆ. ಆದರೆ ಅಂಗಡಿಗಳಲ್ಲಿ ದಿನದ ಕೊನೆಗೆ ಎಣಿಸುವಾಗ ಪುಸ್ತಕಕ್ಕಿಂತ ಜಾಸ್ತಿ ಬಂದ ದುಡ್ಡಿಗೂ ಅದೇ ಮಾತು. ಪತ್ರಕ್ಕೆ ಬೇಡ.

ಆ ದುಡ್ಡನ್ನು ಎಲ್ಲಾದರೂ ಹಾಕಿಟ್ಟರೆ 'ಅಪ್ಲಿಕಸಾಂವ್ ಫಿನಾನ್ಸೇಯ್ರಾ'. ಇನ್ವೆಸ್ಟ್‌ಮೆಂಟ್ ಅಂತ ಇದೆಯಲ್ಲ ಎಂದು 'ಇನ್ವೆಸ್ತಿಮೆಂತೊ' ಬರೆದರೆ ಬ್ರೆಜಿಲ್‌ನ ಅಢಾವೆ ಪತ್ರಿಕೆಯಲ್ಲಿ ಅದು ಬೇರೆ ಕಂಪನಿಗಳಲ್ಲಿ ದೀರ್ಘಕಾಲಕ್ಕೆ ಹಾಕಿದ ಪಾಲು. ಅವರು ಬಡ್ಡಿಯನ್ನು 'ಸಿಡಿಐ'ನ ಇಂತಿಷ್ಟು ಶೇಕಡಾ ಎಂದು ಹೇಳುತ್ತಾರೆ. ಅದು ಬ್ಯಾಂಕ್ ಬ್ಯಾಂಕ್‌ಗಳ ನಡುವಿನ ಒಂದು ದಿನದ ದರ. 'ಸಿಡಿಐನ 100 ಶೇಕಡಾ' ಅಂತ ಕಂಡರೆ ಗಾಬರಿ ಬೇಡ. ನೂರಕ್ಕೆ ನೂರು ಬಡ್ಡಿ ಅಲ್ಲ, ಆ ದರದಷ್ಟೇ ಪೂರ್ತಿ ಅಂತ.

ಕಾಳಿದಂಡೆ, ಕಾರವಾರ

ಮಾಜಾಳಿ ಅಣ್ಣ, ಇದನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಇನ್ನೊಂದು ಸಂಶಯ. ನಮ್ಮದು 6 ತಿಂಗಳ ಒಂದು ಎಫ್‌ಡಿ ಇದೆ. ಬೇಕಾದಾಗ ಮುರಿಸಬಹುದು. ಇದನ್ನು ಕ್ಯಾಶ್ ಎಂದೇ ತೋರಿಸಬಹುದಾ?

ಜಮಾಖರ್ಚು, ಶಿರಸಿ

ಇದಕ್ಕೆ ನಾನೇ ಹೇಳುತ್ತೇನೆ. 'ಕ್ಯಾಶ್ ಇಕ್ವಿವಲೆಂಟ್ಸ್' ಅಂದರೆ ಸಾಮಾನ್ಯವಾಗಿ ಕೊಂಡ ದಿನದಿಂದ 3 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯದ್ದು, ಬೆಲೆ ಏರಿಳಿತದ ಅಪಾಯ ತೀರಾ ಕಡಿಮೆ ಇರುವುದು. ಲೆಕ್ಕಪತ್ರ ಮಾನದಂಡಗಳಾದ ನಮ್ಮ ಎಎಸ್ 3, ಇಂಡ್ ಎಎಸ್ 7, ಅಂತರರಾಷ್ಟ್ರೀಯ ಐಎಎಸ್ 7, ಎಲ್ಲದರಲ್ಲೂ ಇದೇ ಮಾತು. ನಿನ್ನ ಎಫ್‌ಡಿ ಬೇರೆ ಬ್ಯಾಂಕ್ ಬ್ಯಾಲೆನ್ಸ್ ಅಂತ ಹೋಗಲಿ. ಮತ್ತೆ ನೋಡು, ಆ ಎಫ್‌ಡಿ ಎಲ್‌ಸಿಗೆ (ಪೂರೈಕೆದಾರರಿಗೆ ಬ್ಯಾಂಕ್ ಕೊಡುವ ಪಾವತಿ ಭರವಸೆ ಪತ್ರ) ಒತ್ತೆ ಇಟ್ಟಿದ್ದಾ? ಹಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಒತ್ತೆ ಇಟ್ಟ ದುಡ್ಡು ಮಿಕ್ಕ ದುಡ್ಡಲ್ಲ.

ಮಾಜಾಳಿ ಗಡಿ

ಬ್ರೆಜಿಲ್‌ನಲ್ಲಿ ಆ ಸಾಲಿಗೆ 'ಕಾಯ್ಶಾ ಎ ಎಕಿವಲೆಂತೆಸ್ ದೆ ಕಾಯ್ಶಾ', ಪೋರ್ಚುಗಲ್‌ನ ರೋಖು ಹರಿವಿನ ಪಟ್ಟಿಯಲ್ಲಿ 'ಕಾಯ್ಶಾ ಎ ಸೆಉಸ್ ಎಕಿವಲೆಂತೆಸ್'. 3 ತಿಂಗಳ ಲೆಕ್ಕ ಅಲ್ಲೂ ಅದೇ.

ಇನ್ನು ಕೆಲವು ಅಪಾಯದ ಜಾಗಗಳು. ಬ್ರೆಜಿಲ್‌ನಲ್ಲಿ 'ಕಾಯ್ಶಾ ದೋಯಿಸ್' ಅಂದರೆ ಎರಡನೇ ಪೆಟ್ಟಿಗೆ, ಲೆಕ್ಕಕ್ಕೆ ಬಾರದ ಕಪ್ಪು ಹಣ. ನಿಮ್ಮಲ್ಲಿ ಎರಡು ನಗದು ಖಾತೆ ಇದ್ದರೆ 1, 2 ಅಂತ ನಂಬರ್ ಹಾಕಬೇಡಿ. ಕಾರ್ಖಾನೆ ನಗದು, ಕಚೇರಿ ನಗದು ಅಂತ ಬರೆಯಿರಿ. ಪೋರ್ಚುಗಲ್‌ನಲ್ಲಿ ಇಂಥದ್ದಕ್ಕೆ 'ಸಾಕೊ ಅಜೂಲ್', ನೀಲಿ ಚೀಲ ಅನ್ನುತ್ತಾರೆ. ಹಾಗೇ 'ನಾ ಕಾಯ್ಶಾ' (ಕಾಯ್ಶಾದಲ್ಲಿ) ಅಂತ ದೊಡ್ಡ ಅಕ್ಷರದಲ್ಲಿ ಕಂಡರೆ ಅದು ಬ್ಯಾಂಕಿನ ಹೆಸರಾಗಿರಬಹುದು. ಬ್ರೆಜಿಲ್‌ನ ಕಾಯ್ಶಾ ಎಕೊನೊಮಿಕಾ ಫೆದೆರಾಲ್ 1861ರದ್ದು, ಪೋರ್ಚುಗಲ್‌ನ ಕಾಯ್ಶಾ ಜೆರಾಲ್ ದೆ ದೆಪೋಜಿತೊಸ್ 1876ರದ್ದು.

ಮುಂಗಡ ಕೊಡುವುದೇ ಆದರೆ 'ಅದಿಯಾಂತಾಮೆಂತೊ ಆ ಫೋರ್ನೆಸೆದೋರೆಸ್' ಎಂದು ಬರೆಯಿರಿ, ಪೂರೈಕೆದಾರರಿಗೆ ಮುಂಗಡ. 'ಎಂಪ್ರೇಸ್ತಿಮೊ' ಅಂದರೆ ಸಾಲ ಆಗುತ್ತದೆ.

ಅಂಕಿ ಬರೆಯುವ ರೀತಿ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಸಾವಿರಕ್ಕೆ ಚುಕ್ಕಿ, ದಶಾಂಶಕ್ಕೆ ಅಲ್ಪವಿರಾಮ. ನಮ್ಮ 12,50,000.50 ಅಲ್ಲಿ 1.250.000,50. ಲಕ್ಷ, ಕೋಟಿ ಬಿಡಿಸಿ ಬರೆಯಿರಿ. ನೂರು ಕೋಟಿಗೆ ಬ್ರೆಜಿಲ್‌ನಲ್ಲಿ 'ಬಿಲ್ಯಾಂವ್'. ಪೋರ್ಚುಗಲ್‌ನಲ್ಲಿ 'ಮಿಲ್ ಮಿಲ್ಯೋಯಿಂಸ್'. ಅಲ್ಲಿ ಬಿಲ್ಯಾಂವ್ ಅಂದರೆ ಅದರ ಸಾವಿರ ಪಟ್ಟು, ಒಂದು ಲಕ್ಷ ಕೋಟಿ.

ತೋಟಿಗ, ಸಿದ್ದಾಪುರ

ಎಲ್ಲ ಓದಿದೆ, ತುಂಬಾ ಉಪಯೋಗ ಆಯಿತು. ನಮ್ಮ ಕಡೆ ಕಂಪನಿಗಿಂತ ಸಹಕಾರಿ ಸಂಘಗಳೇ ಜಾಸ್ತಿ. ಅಡಿಕೆ ಲಿಲಾವು ಮುಗಿದು ವರ್ಷದ ಕೊನೆಗೆ ಸಂಘದಲ್ಲಿ ಉಳಿಯುವುದಕ್ಕೆ ಪೋರ್ಚುಗೀಸ್‌ನಲ್ಲಿ ಏನು? ಅದನ್ನೂ 'ಲುಕ್ರೊ', ಅಂದರೆ ಲಾಭ, ಅನ್ನಬಹುದಾ?

ಮಾಜಾಳಿ ಗಡಿ

ಬೇಡ ಅಣ್ಣ. ಬ್ರೆಜಿಲ್‌ನ 1971ರ ಸಹಕಾರ ಕಾನೂನು ಅದನ್ನು 'ಸೋಬ್ರಾಸ್' ಅನ್ನುತ್ತದೆ. ಸದಸ್ಯರ ವ್ಯವಹಾರ ಮಾಡಿ ಮಿಕ್ಕಿದ್ದು, ಸದಸ್ಯರದ್ದೇ ಅನ್ನುವ ಭಾವ ಅದರಲ್ಲಿದೆ. ಪೋರ್ಚುಗಲ್‌ನಲ್ಲಿ 'ಎಸೆದೆಂತೆಸ್'. ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳಿಗೆ ಬ್ರೆಜಿಲ್‌ನಲ್ಲಿ ಮೂರನೆಯ ಪದ ಇದೆ, 'ಸುಪೆರಾವಿತ್'.

ಬ್ರೆಜಿಲ್‌ನಲ್ಲಿ ಸೋಬ್ರಾಸ್‌ನಿಂದ ಮೊದಲು ಕನಿಷ್ಠ ಶೇ. 10 ಮೀಸಲು ನಿಧಿಗೆ, ಕನಿಷ್ಠ ಶೇ. 5 ಸದಸ್ಯರ ತಾಂತ್ರಿಕ, ಶೈಕ್ಷಣಿಕ, ಸಾಮಾಜಿಕ ನೆರವಿನ ನಿಧಿಗೆ ಹೋಗುತ್ತದೆ. ಉಳಿದದ್ದನ್ನು ಸಾಮಾನ್ಯವಾಗಿ ಯಾರು ಸಂಘದ ಜೊತೆ ಎಷ್ಟು ವ್ಯವಹಾರ ಮಾಡಿದರೋ ಆ ಪ್ರಮಾಣದಲ್ಲಿ ಸದಸ್ಯರಿಗೆ ವಾಪಸ್ ಕೊಡುತ್ತಾರೆ. ಷೇರಿನ ಲೆಕ್ಕದಲ್ಲಿ ಅಲ್ಲ.

ಜಮಾಖರ್ಚು, ಶಿರಸಿ

ನಮ್ಮಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ನಿವ್ವಳ ಲಾಭದ ಕನಿಷ್ಠ ಶೇ. 25 ಮೀಸಲು ನಿಧಿಗೆ ಹಾಕಲು ಹೇಳುತ್ತದೆ. ಹಾಗಾಗಿ ತೋಟಿಗರೇ, ಸಂಘದ ವರದಿಯನ್ನು ಬ್ರೆಜಿಲ್‌ನವರಿಗೆ ಕಳಿಸುವುದಾದರೆ ಹಂಚುವ ಮೊತ್ತ ಯಾಕೆ ಕಡಿಮೆ ಕಾಣುತ್ತಿದೆ ಎಂದು ಈ ಶೇ. 25ನ್ನು ಮೊದಲೇ ತಿಳಿಸಿ. ಬಟವಾಡೆಯ ಪಟ್ಟಿಯಲ್ಲಿ ಡಿವಿಡೆಂಡ್ ಒಂದು ಸಾಲು, ವ್ಯವಹಾರದ ಮೇಲಿನ ರಿಬೇಟು ಇದ್ದರೆ ಇನ್ನೊಂದು ಸಾಲು ಮಾಡಿ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಬರೆದರೆ ಅವರಿಗೆ ಯಾವುದು ಷೇರಿಗೆ, ಯಾವುದು ಅಡಿಕೆಗೆ ಬಂದದ್ದು ಅಂತ ಗೊತ್ತಾಗುವುದಿಲ್ಲ.

ತೋಟಿಗ, ಸಿದ್ದಾಪುರ

ಆಯ್ತು. ಈ ಸಲದ ವರದಿಯಲ್ಲಿ ಎರಡು ಸಾಲು ಮಾಡಲು ಕಾರ್ಯದರ್ಶಿಗೆ ಹೇಳುತ್ತೇನೆ.